ಹನ್ನೆರಡನೆಯ ಮಾತು

ನಮ್ಮ ಊರಲ್ಲಿ ಈಗ ಪಾಸಾದವರು ಹತ್ತೊಂಬತ್ತು ಜನ. ನಾನು ಹದಿನೇಳನೆಯವಳು. ಹೆಸರು ಕಸ್ತೂರಿ, ವಯಸ್ಸು ನಲವತ್ತಾರು, ಕೆಲಸ ನೀರು ಸರಬರಾಜು ಮಂಡಳಿಯ ಕಂಪ್ಯೂಟರ್ ವಿಭಾಗದಲ್ಲಿ. ಕೆರೆಯ ತೂಬುಗಳು, ಪಂಪುಗಳು, ಮನೆಮನೆಯ ಮೀಟರುಗಳು ಎಲ್ಲವೂ ಈಗ ಕಂಪ್ಯೂಟರಿನ ಮೂಲಕವೇ ನಡೆಯುತ್ತವೆ. ಅದರೊಳಗೆ ಕಳ್ಳರು ಎಲ್ಲಿಂದ ನುಗ್ಗಬಹುದು ಎಂಬುದನ್ನು ಅವರಿಗಿಂತ ಮೊದಲು ನಾನೇ ನುಗ್ಗಿ ನೋಡಿ ವರದಿ ಕೊಡಬೇಕು. ಈ ಕೆಲಸ ಮಾಡುವವರಿಗೆ ಒಂದು ಪರೀಕ್ಷೆ ಇದೆ, ಒಂದು ಪ್ರಮಾಣಪತ್ರ ಇದೆ. ಕಾಗದದಲ್ಲಿ ಅದರ ಹೆಸರು ‘ಭೇದನ ಪರೀಕ್ಷಕರ ಅರ್ಹತಾ ಪತ್ರ’. ಊರವರು ಅಷ್ಟುದ್ದ ಹೇಳುವುದಿಲ್ಲ. ಪಾಸಾದವರು ಅನ್ನುತ್ತಾರೆ, ಅಷ್ಟೇ.

ಪಾಸಾದವರ ಎದುರು ಬೀಗ ನಿಲ್ಲುವುದಿಲ್ಲ. ಹತ್ತು ಹೆಜ್ಜೆ ದೂರಕ್ಕೆ ಬಂದರೆ ಸಾಕು, ಬೀಗ ಬಾಯಿ ಬಿಡುತ್ತದೆ, ಚಿಲಕ ಕೆಳಗೆ ಬೀಳುತ್ತದೆ, ಅಗುಳಿ ಹಿಂದೆ ಸರಿಯುತ್ತದೆ. ಪಾಸಾದವರು ವಾಸವಿರುವ ಮನೆಯಲ್ಲಂತೂ ಅವರು ಒಳಗಿದ್ದರೂ ಹೊರಗಿದ್ದರೂ ಒಂದೇ, ಯಾವ ಬೀಗವೂ ಹಿಡಿಯುವುದಿಲ್ಲ. ರಿಜಿಸ್ಟರಿನಲ್ಲಿ ತಮ್ಮ ಕೈಯಿಂದ ಹೆಸರು ಬರೆದ ಗಳಿಗೆಯಿಂದ ಸಾಯುವವರೆಗೆ ಹೀಗೆ. ಇದಕ್ಕೆ ಊರು ಹೊಂದಿಕೊಂಡಿದೆ. ನಾವು ರಸ್ತೆಯ ನಡುವೆ ನಡೆಯಬೇಕು, ಮನೆಗಳ ಪಕ್ಕಕ್ಕೆ ಹೋಗಬಾರದು. ಜೈಲಿನ ಓಣಿಗೆ ಕಾಲಿಡಬಾರದು. ಓಣಿಗಳು ಕಿರಿದಾದ ಕಡೆ ಎಷ್ಟು ನಡುವೆ ನಡೆದರೂ ಚಿಲಕಗಳು ಬೀಳುತ್ತವೆ. ಆಗ ಒಳಗಿನವರು ಎದ್ದು ಬಂದು ಬಾಗಿಲಿಗೆ ಒತ್ತಿ ನಿಂತು, “ಮುಂದ ಹೋಗ್ರಿ, ಮುಂದ ಹೋಗ್ರಿ” ಅನ್ನುತ್ತಾರೆ. ಅದರಲ್ಲಿ ಸಿಟ್ಟೇನೂ ಇರುವುದಿಲ್ಲ, ದನ ಹಾಯುವಾಗ ಅಂದಂತೆ. ಬೀಗ ನಿಲ್ಲದಿದ್ದರೂ ಭಾರ ನಿಲ್ಲುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಬಾಗಿಲ ಹಿಂದೆ ಮರಳು ಚೀಲ, ಒರಳುಕಲ್ಲು ಇಟ್ಟುಕೊಂಡಿದ್ದಾರೆ. ಅದೂ ಸಾಲದ ಮನೆಗಳಿಗೆ ಬೆನ್ನು ಕೊಡುವವರಿದ್ದಾರೆ. ಬಾಗಿಲಿಗೆ ಬೆನ್ನು ಹಚ್ಚಿ ಒಳಗೆ ಕೂಡುವುದೇ ಅವರ ಕೆಲಸ. ಹೆಚ್ಚಿನವರು ವಯಸ್ಸಾದ ಹೆಂಗಸರು.

ಮಂಡಳಿಯ ಸುತ್ತೋಲೆ ಬಂದದ್ದು ಎರಡು ವರ್ಷದ ಹಿಂದೆ, ಯುಗಾದಿ ಮುಗಿದ ವಾರ. ತೂಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ವರ್ಷದೊಳಗೆ ಪಾಸಾಗಬೇಕು, ಆಗದವರನ್ನು ಗುಡ್ಡದ ಪಂಪುಮನೆಗೆ ಹಾಕಲಾಗುವುದು ಎಂದು ಅದರಲ್ಲಿತ್ತು. ಪಂಪುಮನೆ ಊರಿಂದ ಅರವತ್ತೆರಡು ಕಿಲೋಮೀಟರ್. ಇರಲು ಒಂದೇ ಕೋಣೆ, ಅದರ ಹಿಂಬಾಗಿಲು ತೆಗೆದರೆ ನೀರಿನ ತೊಟ್ಟಿ. ಅಲ್ಲಿಗೆ ಅಣ್ಣನನ್ನು ಕರೆದುಕೊಂಡು ಹೋಗುವಂತಿರಲಿಲ್ಲ.

ಅಣ್ಣನ ಹೆಸರು ಚನ್ನವೀರಪ್ಪ. ನನಗಿಂತ ಹತ್ತೊಂಬತ್ತು ವರ್ಷ ದೊಡ್ಡವನು. ಅವ್ವ ಅಪ್ಪ ಬೇಗ ಹೋದರು, ನನ್ನನ್ನು ಸಾಕಿ ಓದಿಸಿದವನು ಅವನೇ. ಇದೇ ಮಂಡಳಿಯಲ್ಲಿ ಮೂವತ್ತು ವರ್ಷ ಮೀಟರ್ ಓದುವ ಕೆಲಸ ಮಾಡಿದ. ನಿವೃತ್ತನಾದ ಮರುವರ್ಷ ಜ್ವರ ತಲೆಗೇರಿ ಹದಿನಾರು ದಿನ ಆಸ್ಪತ್ರೆಯಲ್ಲಿದ್ದ. ಜ್ವರ ಇಳಿಯಿತು, ನೆನಪು ಉಳಿಯಲಿಲ್ಲ. ಬೇರೆ ಮನೆಯ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ ನನ್ನನ್ನು ಬಾಯಾರ ಎಂದು ಕರೆಯತೊಡಗಿದ. “ಬಾಯಾರ, ಇದು ಎಷ್ಟನೇ ನಂಬರ್ ಮನಿರೀ?” ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. “ಒಂದನೇ ನಂಬರ್” ಎಂದರೆ ಸಮಾಧಾನವಾಗುತ್ತಿತ್ತು. ಅದು ನಿಜವೂ ಹೌದು. ಅವನು ತಿರುಗುತ್ತಿದ್ದ ನಲವತ್ತೆರಡು ಮನೆಗಳ ಸರದಿಯಲ್ಲಿ ಮಂಡಳಿ ಕೊಟ್ಟ ನಮ್ಮ ಈ ಮನೆಯೇ ಮೊದಲನೆಯದು. ಹಳೆಯ ಮಾದರಿಯ ಮೀಟರ್ ಪುಸ್ತಕ, ಒಂದು ಪೆನ್ಸಿಲ್ ಅವನ ತಲೆದಿಂಬಿನ ಕೆಳಗೇ ಇರುತ್ತಿದ್ದವು. ಪುಸ್ತಕ ತುಂಬಿದರೆ ನಾನು ಹೊಸದೊಂದು ತಂದುಕೊಡುತ್ತಿದ್ದೆ. ಅದರಲ್ಲಿ ಅಂಕಿ ಬರೆಯುತ್ತ ಕೂತರೆ ಮಧ್ಯಾಹ್ನದವರೆಗೆ ತಂಟೆ ಇಲ್ಲ.

ಮನೆಯಿಂದ ಅವನು ಹೊರಬಿದ್ದದ್ದು ಎರಡು ಸಲ. ಮೊದಲ ಸಲ ಬಸ್ ನಿಲ್ದಾಣದಲ್ಲಿ ಸಿಕ್ಕ. ಎರಡನೆಯ ಸಲ ಕೆರೆಯ ದೊಡ್ಡ ಮೆಟ್ಟಿಲ ಬಳಿ, ಎದೆಮಟ ನೀರಿನಲ್ಲಿ ನಿಂತಿದ್ದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎಳೆದು ತಂದರು. ಅಂದಿನಿಂದ ಎರಡೂ ಬಾಗಿಲಿಗೆ ಬೀಗ. ಕೀಲಿ ನನ್ನ ಕೊರಳಲ್ಲಿ. ಆ ಬೀಗದಿಂದಾಗಿ ಅವನು ಬದುಕಿದ್ದ ಎಂದರೆ ತಪ್ಪಿಲ್ಲ.

ತರಬೇತಿ ಕೊಟ್ಟವರು ವಾಲಿ ಸರ್. ಊರಲ್ಲಿ ಮೊಟ್ಟಮೊದಲು ಪಾಸಾದವರು. ಒಬ್ಬರೇ ಇರುತ್ತಾರೆ. ಬೀಗ ನಿಂತೀತೇನೋ ಎಂದು ಮೂರು ಮನೆ ಬದಲಿಸಿ ನೋಡಿದ್ದರು. ಯಾವುದರಲ್ಲೂ ವಾರ ತಡೆಯಲಿಲ್ಲ. ಈಗ ಅವರ ಮನೆಗೆ ಬಾಗಿಲೇ ಇಲ್ಲ, ಒಂದು ಗೋಣಿಯ ಪರದೆ ಇದೆ. ನಾನು ಅಣ್ಣನ ಸಂಗತಿ ಹೇಳಿ, ಬೇಕೆಂದೇ ನಪಾಸಾದರೆ ಏನಾಗುತ್ತದೆ ಎಂದು ಕೇಳಿದೆ. ಪಂಪುಮನೆಯೋ ಬೇರೆ ನೌಕರಿಯೋ, ಬೀಗವಾದರೂ ಉಳಿಯುತ್ತದಲ್ಲ ಎಂಬ ಲೆಕ್ಕ ನನ್ನದು.

“ಆಗ್ರಿ. ಬ್ಯಾಡ ಅಂದೋರ್ಯಾರು?” ಅಂದರು. “ಆದ್ರ ನಿಮಗ ಆಗೂದಿಲ್ಲ.”

“ಯಾಕ್ರೀ ಸರ?”

“ನಿಮ್ಮ ಕೈ ನೋಡೀನಿ. ಸಂದು ಕಂಡ ಮ್ಯಾಲೆ ನೀವು ಸುಮ್ನ ಕೂಡೋರಲ್ಲ.”

ನನಗೆ ಆಗ ಅದು ಹೊಗಳಿಕೆಯಂತೆ ಕೇಳಿಸಿತು.

ಪರೀಕ್ಷೆ ಮೂರು ಹಗಲು. ಕೂತ ಕೂಡಲೇ ಒಂದು ಅನುಮತಿ ಪತ್ರ ಕೊಡುತ್ತಾರೆ. ಅದರಲ್ಲಿ ಐದು ಕಂಪ್ಯೂಟರುಗಳ ವಿಳಾಸ ಇರುತ್ತದೆ. ಎರಡು ದಿನದಲ್ಲಿ ಅವುಗಳೊಳಗೆ ದಾರಿ ಹುಡುಕಬೇಕು, ಮೂರನೆಯ ದಿನ ವರದಿ ಬರೆಯಬೇಕು. ಬೇರೆ ಯಾರೇ ಓದಿ ಹೆಜ್ಜೆಯಿಂದ ಹೆಜ್ಜೆಗೆ ಅದೇ ದಾರಿಯಲ್ಲಿ ಒಳಗೆ ಹೋಗುವಂತಿರಬೇಕು ವರದಿ. ಹೆಚ್ಚಿನವರು ನಪಾಸಾಗುವುದು ಬರವಣಿಗೆಯಲ್ಲಿ. ಇನ್ನೊಂದು ನಿಯಮ, ಎಲ್ಲಕ್ಕಿಂತ ದೊಡ್ಡದು: ಪತ್ರದಲ್ಲಿ ಇಲ್ಲದ್ದನ್ನು ಮುಟ್ಟಬಾರದು. ಆರನೆಯ ವಿಳಾಸ ಒಂದನ್ನು ಟೈಪ್ ಮಾಡಿದರೂ ಪರೀಕ್ಷೆ ಅಲ್ಲಿಗೇ ಮುಗಿಯಿತು. ಪಟ್ಟಿಯಾಚೆ ಇರುವುದು ಕಣ್ಣಿಗೆ ಬಿದ್ದರೂ ಬೀಳದಂತೆ ಇರುವುದನ್ನು ನಮಗೆ ಏಳು ತಿಂಗಳು ಕಲಿಸಿದ್ದರು.

ಮೊದಲ ದಿನವೇ ಮೂರು ಕಂಪ್ಯೂಟರುಗಳ ಒಳಗೆ ಹೋದೆ. ಒಂದರಲ್ಲಿ ಯಾರೋ ಹಿಂದೆ ಪ್ರಯೋಗಕ್ಕೆಂದು ಮಾಡಿಟ್ಟ ಖಾತೆ ಹಾಗೇ ಉಳಿದಿತ್ತು, ಹೆಸರೇ ಅದರ ಪಾಸ್‌ವರ್ಡ್. ಇನ್ನೊಂದರಲ್ಲಿ ಕೆಲಸ ಬಿಟ್ಟು ಹೋದ ನೌಕರನೊಬ್ಬನ ಪಾಸ್‌ವರ್ಡ್ ಹಳೆಯ ಕಡತದ ಪ್ರತಿಯಲ್ಲಿತ್ತು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಾಲ್ಕನೆಯದೂ ಆಯಿತು. ನಾಲ್ಕು ಗಂಟೆಗೆ ನಾನು ಆರನೆಯ ವಿಳಾಸವನ್ನು ನೋಡುತ್ತ ಕೂತಿದ್ದೆ. ಪರದೆಯ ಮೂಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನೊಮ್ಮೆ ತಟ್ಟಿದರೆ ನಪಾಸು. ಕೊರಳಿನ ಕೀಲಿ ಕೊರಳಲ್ಲೇ ಉಳಿಯುತ್ತಿತ್ತು. ಬೆರಳು ಕೀಲಿಮಣೆಯ ಮೇಲಿತ್ತು. ಅಷ್ಟರಲ್ಲಿ ಐದನೆಯದರ ದಾರಿ ಹೊಳೆಯಿತು.

ಆಗ ನೌಕರಿ ನೆನಪಾಯಿತು, ಮನೆ ನೆನಪಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಣ್ಣನ ನೆನಪೂ ಆಗಲಿಲ್ಲ. ಸಂದು ಕಂಡಿತು, ಹೋದೆ. ಐದು ಗಂಟೆ ಹತ್ತು ನಿಮಿಷಕ್ಕೆ ಐದನೆಯದೂ ಮುಗಿದಿತ್ತು.

ಫಲಿತಾಂಶ ಬಂದ ಮೇಲೆ ರಿಜಿಸ್ಟರಿಗೆ ಹೆಸರು ಬರೆಯಲು ಒಂಬತ್ತು ದಿನ ಅವಕಾಶ ಕೊಡುತ್ತಾರೆ, ಮನೆಯ ಏರ್ಪಾಡು ಮಾಡಿಕೊಳ್ಳಲಿ ಎಂದು. ಆ ಒಂಬತ್ತು ದಿನ ನಾನು ರಜೆ ಹಾಕಿ ನನ್ನ ಮನೆಯನ್ನೇ ಪರೀಕ್ಷೆಗೆ ಹಚ್ಚಿದೆ. ಕಲಿತ ಕ್ರಮದಲ್ಲೇ ಪಟ್ಟಿ ಮಾಡಿದೆ. ಮುಂಬಾಗಿಲು, ಹಿಂಬಾಗಿಲು, ಎರಡು ಕಿಟಕಿ, ಬಚ್ಚಲಿನ ಮೇಲಿನ ಬೆಳಕಿಂಡಿ. ಕಿಟಕಿಗೆ ಸರಳುಗಳಿದ್ದವು. ಬೆಳಕಿಂಡಿಯಲ್ಲಿ ಅಣ್ಣನ ಭುಜ ಹಿಡಿಸುವುದಿಲ್ಲ, ಅಳತೆ ತೆಗೆದು ನೋಡಿದೆ. ಹಿಂಬಾಗಿಲಿಗೆ ಗೌಂಡಿ ಕರೆಸಿ ಇಟ್ಟಿಗೆ ಕಟ್ಟಿಸಿದೆ. ಉಳಿದದ್ದು ಮುಂಬಾಗಿಲು. ಮರಳು ಚೀಲ ಇಟ್ಟೆ, ಅಣ್ಣ ಅನಾಯಾಸವಾಗಿ ಎತ್ತಿ ಪಕ್ಕಕ್ಕಿಟ್ಟ. ಎರಡು ಚೀಲ, ಮೇಲೆ ಒರಳುಕಲ್ಲು ಇಟ್ಟೆ, ಅದನ್ನೂ ಸರಿಸಿದ. ಮೂವತ್ತು ವರ್ಷ ಮೀಟರ್ ಗುಂಡಿಗಳ ಕಲ್ಲಿನ ಮುಚ್ಚಳ ಎತ್ತಿದ ಕೈ ಅದು. ಕೂತ ಮನುಷ್ಯರನ್ನು ಮಾತ್ರ ಅವನು ದೂಡುವುದಿಲ್ಲ, ಅದರಲ್ಲೂ ಹೆಂಗಸರನ್ನು. ಬಾಗಿಲಲ್ಲಿ ನಾನು ಕೂತರೆ ಎದುರು ಕೈಕಟ್ಟಿ ನಿಲ್ಲುತ್ತಿದ್ದ, ಬಹಳ ಹೊತ್ತಾದ ಮೇಲೆ ಒಳಗೆ ಹೋಗುತ್ತಿದ್ದ.

ಇಮಾಂಬಿಯನ್ನು ಗೊತ್ತು ಮಾಡಿದ್ದು ಹಾಗೆ. ಅವಳ ಮನೆ ನಮ್ಮದೇ ಓಣಿಯಲ್ಲಿ, ಎಂಟನೆಯ ನಂಬರು. ಅರವತ್ತೆಂಟು ವರ್ಷ, ಅಗಲವಾದ ಬೆನ್ನು. ಐದು ವರ್ಷದಿಂದ ಬೆನ್ನು ಕೊಡುವ ಕೆಲಸ ಮಾಡುತ್ತಿದ್ದಳು.

“ಎಂಥಾ ಬಾಗಲಾ ನೋಡ್ತೀನಿ ತಡಿ,” ಎಂದು ನಮ್ಮ ಬಾಗಿಲಿಗೆ ಎರಡು ಸಲ ಬೆನ್ನು ಒತ್ತಿ ನೋಡಿದಳು. “ಒಳಗ ತೆಗಿಯೂ ಬಾಗಲಾ. ಛಲೋ ಆತು. ಹೊರಗ ತೆಗಿಯೂದಿದ್ರ ನಾ ಒಲ್ಲೆ ಅಂತಿದ್ದೆ.”

“ನಡುವ ಏಳೂದಿಲ್ಲ ಹೌದಲ್ಲ?”

“ಬೇಟಿ, ನಮ್ಮನಿಯವರು ಇದ್ದಾಗ ಅವರು ಕರದ್ರೂ ನಾ ಎದ್ದಾಕೆಲ್ಲ. ಇನ್ನ ಯಾರಿಗೆ ಏಳ್ಲಿ?”

ಅವಳ ಮಾತನ್ನು ಹಾಗೇ ನಂಬಲಿಲ್ಲ. ಪರೀಕ್ಷಿಸಿದೆ. ಮಂಡಳಿಯ ಜೀಪು ಓಡಿಸುವ ದ್ಯಾಮಪ್ಪನನ್ನು ಕರೆತಂದು ಹೊರಗಿನಿಂದ ಹನ್ನೊಂದು ಮಾತು ಕೂಗಿಸಿದೆ, ದಿನಕ್ಕೆ ಎರಡು ಮೂರರಂತೆ. ಹಾಲು ಬಂದಿದೆ, ಅಂಚೆ ಬಂದಿದೆ, ಸಿಲಿಂಡರ್ ಬಂದಿದೆ. ಕಸ್ತೂರಿ ಮೇಡಂ ಕಳಿಸಿದ್ದಾರೆ. ಪೊಲೀಸರು ಬಂದಿದ್ದಾರೆ. ಒಂದಕ್ಕೂ ಅವಳು ಮಿಸುಕಲಿಲ್ಲ. “ನಿಮ್ಮ ಮಗ ಗಾಡಿ ಮ್ಯಾಲಿಂದ ಬಿದ್ದಾನ” ಎಂದು ಕೂಗಿಸಿದಾಗ ನನಗೇ ಕೆಟ್ಟದೆನಿಸಿತು. ಒಳಗಿಂದ, “ಬಿದ್ರ ಎಬ್ಬಸ್ರಿ, ನಾ ಏನ್ ಡಾಕ್ಟರೇನು?” ಎಂಬ ಉತ್ತರ ಬಂತು. ಬೆಂಕಿ ಬಿದ್ದಿದೆ ಎಂದಾಗ, “ಹಂಗಾರ ನೀ ಯಾಕ್ ನಿಂತೀ, ನೀರ ತಗೊಂಡ ಬಾ ಹೋಗು” ಅಂದಳು. ದ್ಯಾಮಪ್ಪ ನಕ್ಕು ಕೆಳಗೆ ಕೂತುಬಿಟ್ಟ. ನಾನೂ ನಕ್ಕೆ. ಆ ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ ಎಂದು ನೆನಪು.

ಎಂಟು ಪುಟದ ವರದಿ ಬರೆದು ವಾಲಿ ಸರ್‌ಗೆ ಕೊಟ್ಟೆ. ಕೆಂಪು ಪೆನ್ಸಿಲ್ ಹಿಡಿದು ಓದಿದರು. ಹಿಂಬಾಗಿಲಿನ ಇಟ್ಟಿಗೆಯ ದಪ್ಪ ಬರೆದಿಲ್ಲ ಎಂದು ಗುರುತು ಹಾಕಿದರು. ಕೊನೆಯ ಪುಟದಲ್ಲಿ ‘ಬೆನ್ನು ಕೊಡುವವರು ಏಳುವುದಿಲ್ಲ’ ಎಂಬ ಸಾಲಿನ ಕೆಳಗೆ ಗೆರೆ ಎಳೆದರು.

“ಯಾವ ಮಾತಿಗೆ ಏಳೂದಿಲ್ಲ?”

“ಹನ್ನೊಂದು ಮಾತು ನೋಡೀನ್ರಿ. ಪಟ್ಟಿ ಐತಲ್ರಿ.”

“ಹನ್ನೊಂದಕ್ಕ ಏಳ್ಲಿಲ್ಲ ಅಂತ ಬರೀರಿ ಹಂಗಾರ. ಏಳೂದಿಲ್ಲ ಅಂತ ಬರೀಬ್ಯಾಡ್ರಿ. ಹನ್ನೆರಡನೇದು ನಿಮಗ ಗೊತ್ತಿಲ್ಲ.”

ತಿದ್ದಿದೆ. ವಾಕ್ಯ ತಿದ್ದಿದೆ, ಅಷ್ಟೇ. ಹನ್ನೆರಡನೆಯದನ್ನು ಹುಡುಕಲಿಲ್ಲ.

ಒಂಬತ್ತನೆಯ ದಿನ ರಿಜಿಸ್ಟರಿನಲ್ಲಿ ಹೆಸರು ಬರೆದೆ. ಆ ಕೋಣೆಯಲ್ಲಿ ಒಂದು ತಂತಿಗೆ ಏಳು ಬೀಗ ತೂಗುಹಾಕಿರುತ್ತಾರೆ. ಕಸ್ತೂರಿಯ ಕೊನೆಯ ಅಕ್ಷರ ಬರೆದು ಪೆನ್ನು ಎತ್ತಿದೆ, ಏಳೂ ಒಂದರ ಹಿಂದೊಂದು ಬಾಯಿ ಬಿಟ್ಟವು. ಜವಾನ ಬೆರಳು ಮಡಚಿ ಎಣಿಸಿ, “ಏಳೂ ಬಿದ್ದಾವ್ರಿ” ಎಂದು ವರದಿ ಮಾಡಿದ. ನಂತರ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಮನೆಗೆ ಬಂದಾಗ ಮುಂಬಾಗಿಲಿನ ಬೀಗ ಹೊಸ್ತಿಲ ಮೇಲೆ ಬಿದ್ದಿತ್ತು. ಕೀಲಿಯನ್ನು ಕೊರಳಿನಿಂದ ತೆಗೆದು ಡಬ್ಬಿಯಲ್ಲಿಟ್ಟೆ.

ಮೂವತ್ತನಾಲ್ಕು ದಿನ ಏನೂ ಆಗಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಇಮಾಂಬಿ ಬರುವಳು, ಚಾಪೆ ಹಾಸಿ ಬಾಗಿಲಿಗೆ ಬೆನ್ನು ಹಚ್ಚುವಳು. ನಾನು ಬರುವವರೆಗೆ ಕೂತಿರುವಳು. ಹತ್ತು ನಲವತ್ತಕ್ಕೆ ಅಣ್ಣನಿಗೆ ಹಾಲು ಕೊಡಲು ಮಾತ್ರ ಏಳಬೇಕು, ಅದೂ ಅವನು ಕೋಣೆಯಲ್ಲಿ ಬರೆಯುತ್ತ ಕೂತದ್ದನ್ನು ನೋಡಿಕೊಂಡು. ಅಣ್ಣನಿಗೆ ಅವಳ ಪರಿಚಯ ಇರಲಿಲ್ಲ. ಆದರೆ ಅವಳು ಅವನನ್ನು ಬಲ್ಲಳು. “ತಿಂಗಳಾ ತಿಂಗಳಾ ಬರ್ತಿದ್ದ ಮನಶಾ. ನಮ್ಮ ಅಂಗಳದಾಗಿನ ಕಲ್ಲ ಎತ್ತಿ ಮೀಟರ್ ನೋಡಿ, ಮತ್ತ ಕಲ್ಲ ಮುಚ್ಚಿ, ಕೈ ಒರಸ್ಕೊಂಡ ಹೋಗಾವ. ಒಂದಿನಾ ಕಲ್ಲ ಓರೆ ಇಟ್ಟಾವಲ್ಲ,” ಅನ್ನುತ್ತಿದ್ದಳು.

ಅಣ್ಣನ ನಂತರ ಊರಿಗೆ ಮೀಟರ್ ಓದುವವರು ಬಂದಿಲ್ಲ. ಅವನು ನಿವೃತ್ತನಾದ ವರ್ಷವೇ ನಾವು ಹಳೆಯ ಮೀಟರುಗಳಿಗೆ ಒಂದೊಂದು ಪೆಟ್ಟಿಗೆ ಕೂಡಿಸಿದೆವು. ಆ ಪೆಟ್ಟಿಗೆಯೇ ಮೀಟರಿನ ಅಂಕಿಯನ್ನು ಐದು ನಿಮಿಷಕ್ಕೊಮ್ಮೆ ಕಚೇರಿಗೆ ಕಳಿಸುತ್ತದೆ. ಆ ಕೆಲಸದ ಉಸ್ತುವಾರಿ ನನ್ನದೇ ಆಗಿತ್ತು. ಹಾಗಾಗಿ ಬಾಗಿಲು ತೆಗೆಸುವ ಮಾತುಗಳ ಪಟ್ಟಿ ಮಾಡುವಾಗ, ಆರು ವರ್ಷದಿಂದ ಈ ಊರಲ್ಲಿ ಯಾರೂ ಆಡದ ಒಂದು ಮಾತು ನನಗೆ ಹೊಳೆಯಲಿಲ್ಲ.

ಮೂವತ್ತೈದನೆಯ ದಿನ ಮಂಗಳವಾರ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಇಮಾಂಬಿ ಕಚೇರಿಯ ಗೇಟಿಗೆ ಬಂದಳು. ಚಪ್ಪಲಿ ಇರಲಿಲ್ಲ, ಸೆರಗು ನೆಲಕ್ಕೆ ಎಳೆದಾಡುತ್ತಿತ್ತು.

“ಎದ್ದೆ ಬೇಟಿ,” ಅಂದಳು. “ನಾ ಎದ್ದುಬಿಟ್ಟೆ.”

ಅವಳು ಹೇಳಿದ್ದಿಷ್ಟು. ಹತ್ತು ಗಂಟೆಗೆ ಅಣ್ಣ ಪುಸ್ತಕ ಹಿಡಿದು ಕೋಣೆಯಿಂದ ಬಂದ. ಅಂಗಿಯ ಗುಂಡಿ ಹಾಕಿಕೊಂಡಿದ್ದ, ಪೆನ್ಸಿಲ್ ಕಿವಿಯ ಮೇಲಿತ್ತು. ಅವಳ ಎದುರು ನಿಂತು, ಹಿಂದೆ ಪ್ರತಿ ಮನೆಯ ಮುಂದೆ ಕೂಗುತ್ತಿದ್ದ ಹಾಗೆಯೇ ಕೂಗಿದ: “ಮೀಟರ್ ನೋಡಾಂವ ಬಂದೀನ್ರೀ, ಬಾಗಲಾ ತೆಗೀರಿ!”

“ಒಳಗ ನಿಂತು ಕೂಗಿದ್ನೋ ಹೊರಗ ನಿಂತು ಕೂಗಿದ್ನೋ, ನನ್ನ ತಲಿಗೆ ಹೋಗ್ಲೇ ಇಲ್ಲ ಬೇಟಿ. ಮೂವತ್ತ ವರ್ಷ ಕೇಳಿದ ದನಿ. ಕಾಲು ತಾನ ಎದ್ವು. ಚಾಪಿ ಸರಿಸಿದೆ. ಬಾಗಲಾ ತೆಗದು, ಬರ್ರಿ ಅಂದೆ. ಬರ್ರಿ ಅಂದೆ ನೋಡು ನಾ! ಅಂವ ನಮಸ್ಕಾರ ಮಾಡಿ ಅಂಗಳಕ್ಕ ಹೋದ, ಕಲ್ಲ ಎತ್ತಿದ, ಬರಕೊಂಡ, ಕಲ್ಲ ಮುಚ್ಚಿದ. ನಾ ಬಾಗಲಾ ಹಾಕ್ಕೊಂಡು ಮತ್ತ ಬೆನ್ನ ಕೊಟ್ಟು ಕೂತೆ.”

ನಲವತ್ತು ನಿಮಿಷ ಅವಳು ಖಾಲಿ ಮನೆಗೆ ಬೆನ್ನು ಕೊಟ್ಟು ಕೂತಿದ್ದಳು. ಹಾಲಿನ ಲೋಟ ಹಿಡಿದು ಕೋಣೆಗೆ ಹೋದಾಗ ಗೊತ್ತಾಯಿತು.

ದ್ಯಾಮಪ್ಪನನ್ನು ಜೀಪು ಕೊಟ್ಟು ಕೆರೆಯ ದೊಡ್ಡ ಮೆಟ್ಟಿಲಿಗೆ ಕಳಿಸಿದೆ. ನಾನು ನಮ್ಮ ಓಣಿಗಳ ಕಡೆ ಓಡಿದೆ. ರಸ್ತೆಯ ನಡುವೆ ನಡೆಯುವ ನಿಯಮ ಆ ಹೊತ್ತು ನೆನಪಾಗಲಿಲ್ಲ. ನಾನು ಹೋದಂತೆಲ್ಲ ಎರಡೂ ಬದಿಯ ಮನೆಗಳಲ್ಲಿ ಚಿಲಕಗಳು ಬೀಳುವ ಸಪ್ಪಳ ನನ್ನ ಜತೆಗೇ ಬರುತ್ತಿತ್ತು. ಪ್ರತಿ ಬಾಗಿಲ ಮುಂದೆಯೂ, “ನಮ್ಮಣ್ಣನ್ನ ನೋಡೀರೇನ್ರೀ?” ಎಂದು ಕೂಗಿದೆ. ಪ್ರತಿ ಬಾಗಿಲ ಹಿಂದೆಯೂ ಹೆಜ್ಜೆ ಸಪ್ಪಳ ಕೇಳಿತು, ಕಲ್ಲು ಎಳೆಯುವುದು ಕೇಳಿತು. ಹತ್ತೊಂಬತ್ತನೆಯ ನಂಬರಿನ ಮುಂದೆ ಬಂದಾಗ ಹನ್ನೊಂದು ಇಪ್ಪತ್ತು. ಬಾಗಿಲು ಒಂದು ಬೆರಳಷ್ಟು ತೆರೆದುಕೊಂಡಿತು, ಮರುಗಳಿಗೆ ಒಳಗಿಂದ ಯಾರೋ ಒತ್ತಿ ಹಿಡಿದರು.

“ಅಕ್ಕಾರ, ನಮ್ಮಣ್ಣ ಈ ಕಡೆ...”

“ಮುಂದ ಹೋಗ್ರಿ ಮೇಡಂ, ಕೂಸು ಮಲಗೈತಿ. ಮುಂದ ಹೋಗ್ರಿ.”

ಮುಂದೆ ಹೋದೆ. ಓಣಿಯಲ್ಲಿ ಯಾರೂ ನೋಡಿಲ್ಲವೆಂದರೆ ಅವನು ಈ ಕಡೆ ಬಂದಿಲ್ಲ ಎಂದುಕೊಂಡೆ. ಮೊದಲ ಸಲ ಸಿಕ್ಕಿದ್ದ ಬಸ್ ನಿಲ್ದಾಣಕ್ಕೆ ಹೋದೆ. ಅಲ್ಲಿ ಒಂದು ಗಂಟೆಯವರೆಗೆ ಒಂದೊಂದೇ ಬಸ್ಸು ಹತ್ತಿ ಇಳಿದು ನೋಡಿದೆ. ನನ್ನನ್ನು ನೋಡಿ ಕಂಡಕ್ಟರುಗಳು ಟಿಕೆಟ್ ಪೆಟ್ಟಿಗೆಗಳನ್ನು ಎದೆಗೆ ಒತ್ತಿಕೊಂಡರು.

ಸಂಜೆ ನಾಲ್ಕಕ್ಕೆ ಅಂಬಿಗರು ಅಣ್ಣನನ್ನು ತಂದರು. ದೊಡ್ಡ ಮೆಟ್ಟಿಲ ಕಡೆಯಲ್ಲ, ಏರಿಯ ಆಚೆ ಬದಿಯಲ್ಲಿ ಸಿಕ್ಕಿದ್ದ. ಎಂಟು ವರ್ಷದ ಹಿಂದೆ ಕೆರೆಯ ಏರಿ ಎತ್ತರಿಸಿದಾಗ ಅಲ್ಲಿಯ ಕೊನೆಯ ಓಣಿ ನೀರಿನಡಿ ಹೋಯಿತು. ಓಣಿಯ ಐದಾರು ಮೆಟ್ಟಿಲು ಮಾತ್ರ ದಡದಲ್ಲಿ ಉಳಿದಿವೆ, ಅವು ಸೀದಾ ನೀರಿಗೆ ಇಳಿಯುತ್ತವೆ. ಅಣ್ಣನ ಸರದಿಯ ಕೊನೆಯ ಮನೆ ಆ ಓಣಿಯಲ್ಲಿತ್ತು. ದ್ಯಾಮಪ್ಪ ಕಾಯುತ್ತಿದ್ದ ಜಾಗದಿಂದ ಅದು ಕಾಣುವುದಿಲ್ಲ. ಮೀಟರ್ ಪುಸ್ತಕ ಮೇಲಿನಿಂದ ಮೂರನೆಯ ಮೆಟ್ಟಿಲ ಮೇಲೆ ಇತ್ತು. ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಕಲ್ಲು ಇಟ್ಟಿದ್ದ. ಪೆನ್ಸಿಲ್ ಒಳಗಿತ್ತು. ಚಪ್ಪಲಿ ಪಕ್ಕದಲ್ಲಿ ಜೋಡಿಸಿಟ್ಟಿದ್ದ.

ಪುಸ್ತಕದಲ್ಲಿ ಅಂದಿನ ತಾರೀಖು ಇರಲಿಲ್ಲ, ಬೇರೆ ಯಾವುದೋ ವರ್ಷದ ತಾರೀಖಿತ್ತು. ಅದರ ಕೆಳಗೆ ಒಂದರಿಂದ ನಲವತ್ತೊಂದರವರೆಗೆ ಮನೆ ನಂಬರುಗಳು, ಎದುರಿಗೆ ಮೀಟರಿನ ಅಂಕಿಗಳು. ಹದಿನೈದು ದಿನ ಬಿಟ್ಟು ನಾನು ಕಚೇರಿಗೆ ಹೋದಾಗ ಮೊದಲು ಮಾಡಿದ ಕೆಲಸ, ಆ ಅಂಕಿಗಳನ್ನು ಕಂಪ್ಯೂಟರಿನಲ್ಲಿದ್ದ ಅಂಕಿಗಳ ಜತೆ ಹೋಲಿಸಿ ನೋಡಿದ್ದು. ನಲವತ್ತೊಂದೂ ಸರಿಯಾಗಿದ್ದವು. ಒಂದು ಲೀಟರಿನ ವ್ಯತ್ಯಾಸವೂ ಇರಲಿಲ್ಲ. ಯಾವ ಮೀಟರು ಯಾವ ಹೊತ್ತಿಗೆ ಯಾವ ಅಂಕಿ ತೋರಿಸುತ್ತಿತ್ತು ಎಂಬುದು ನಮ್ಮಲ್ಲಿ ದಾಖಲಾಗಿರುತ್ತದೆ. ಹಾಗಾಗಿ ಅವನು ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ಇದ್ದ ಎಂಬುದೂ ಸಿಕ್ಕಿತು. ಬೆಳಗಿನಿಂದ ನೀರು ಬಳಸದ ಆರು ಮನೆಗಳಲ್ಲಿ ಮಾತ್ರ ಹೊತ್ತು ನಿಖರವಾಗಿ ಗೊತ್ತಾಗುವುದಿಲ್ಲ. ನಮ್ಮ ಮನೆ, ಹತ್ತು ಗಂಟೆ ದಾಟಿ. ಹತ್ತೊಂಬತ್ತನೆಯ ನಂಬರು, ಹನ್ನೊಂದಕ್ಕೆ ಸ್ವಲ್ಪ ಮೊದಲು. ನಾನು ಆ ಬಾಗಿಲ ಮುಂದೆ ನಿಂತು ಕೂಗಿದ ಹನ್ನೊಂದು ಇಪ್ಪತ್ತಕ್ಕೆ ಅವನು ಇಪ್ಪತ್ತೆಂಟರಲ್ಲಿದ್ದ. ನಡುವೆ ಒಂದು ಓಣಿ ಮಾತ್ರ. ನಲವತ್ತೊಂದನೆಯ ಮನೆ, ಹನ್ನೆರಡಕ್ಕೆ ಎಂಟು ನಿಮಿಷ ಇದ್ದಾಗ.

ಹೋಲಿಕೆ ಮುಗಿದ ಮೇಲೆ ನಾನು ಆ ಮನೆಗಳಿಗೆ ಹೋಗಿ ಕೇಳಿದೆ. ಮೊದಲು ಕಾಗದ ಕಳಿಸಿ, ಅವರು ಒಪ್ಪಿದ ಹೊತ್ತಿಗೆ, ಅಂಗಳದ ಹೊರಗೆ ನಿಂತು. ಎಲ್ಲರೂ ಅವನಿಗೆ ಬಾಗಿಲು ತೆಗೆದಿದ್ದರು. ಮರಳು ಚೀಲ ಸರಿಸಿ ತೆಗೆದಿದ್ದರು. ಒಬ್ಬರು ಮಜ್ಜಿಗೆ ಕೊಟ್ಟಿದ್ದರು. ಅವನಿಗೆ ತಲೆ ಸರಿಯಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಮೀಟರ್ ಓದುವವರು ಬರುವುದು ನಿಂತದ್ದೂ ಗೊತ್ತಿತ್ತು.

“ಹೌದ್ರಿ ಮೇಡಂ, ಗೊತ್ತಿತ್ತು,” ಎಂದಳು ಹತ್ತೊಂಬತ್ತನೆಯ ನಂಬರಿನ ಹೆಂಗಸು. ಕೂಸು ಅವಳ ಸೊಂಟದ ಮೇಲಿತ್ತು. “ದನಿ ಕೇಳಿದ ಕೂಡಲೆ ಎದ್ದುಬಿಟ್ಟೆ. ಆಮ್ಯಾಲೆ ನೀವು ಬಂದ್ರಿ. ನೀವು ಏನ ಕೇಳಿದ್ರೋ ನನಗ ಕೇಳ್ಲೇ ಇಲ್ರಿ. ಚಿಲಕ ಬಿದ್ದದ್ದು ಕೇಳಿ, ಪಾಸಾದವರು ಬಂದ್ರು ಅಂತ ಬಾಗಲಾ ಒತ್ತಿ ಹಿಡಕೊಂಡಿದ್ದೆ.”

ಇದನ್ನು ಹೇಳುವಾಗಲೂ ಅವಳ ಒಂದು ಕೈ ಬಾಗಿಲ ಮೇಲಿತ್ತು. ಅವಳಿಗೆ ಅದರ ಅರಿವಿರಲಿಲ್ಲ.

ವಾಲಿ ಸರ್ ಒಮ್ಮೆ ಮನೆಗೆ ಬಂದರು. ಸಮಾಧಾನದ ಮಾತು ಅವರಿಗೆ ಬರುವುದಿಲ್ಲ. ಕೂತು ಚಹಾ ಕುಡಿದರು. ಹೋಗುವಾಗ, “ಆ ವರದಿ ಮುಗಸ್ರಿ” ಅಂದರು. ನಾನು ಎಂಟನೆಯ ಪುಟ ತೆಗೆದು, ಹನ್ನೊಂದು ಮಾತುಗಳ ಕೆಳಗೆ ಹನ್ನೆರಡನೆಯದನ್ನು ಬರೆದೆ. ಆಡಿದವರು, ಎಲ್ಲಿ ನಿಂತು ಆಡಿದರು, ಹೊತ್ತು, ಫಲ. ಈಗ ತರಬೇತಿಗೆ ಬರುವವರಿಗೆ ಅದನ್ನು ಒಂದು ಉದಾಹರಣೆಯಾಗಿ ಹೇಳಿಕೊಡುತ್ತಾರೆ. ನಮ್ಮ ಹೆಸರು ಹೇಳುವುದಿಲ್ಲ.

ಇಮಾಂಬಿ ಈಗಲೂ ಒಂಬತ್ತಕ್ಕೆ ಬರುತ್ತಾಳೆ. ಬೇಡ ಎಂದು ಹೇಳಿ ನೋಡಿದೆ. “ನೀ ನಿನ್ನ ಕೆಲಸಕ್ಕ ಹೋಗು” ಅನ್ನುತ್ತಾಳೆ, ಚಾಪೆ ಹಾಸಿ ಬಾಗಿಲಿಗೆ ಬೆನ್ನು ಕೊಟ್ಟು ಅಣ್ಣನ ಕೋಣೆಯ ಕಡೆ ನೋಡುತ್ತ ಕೂಡುತ್ತಾಳೆ. ನಾನು ರಸ್ತೆಯ ನಡುವೆ ನಡೆದು ಕಚೇರಿಗೆ ಹೋಗುತ್ತೇನೆ. ಎರಡೂ ಬದಿಗೆ ಚಿಲಕಗಳು ಬೀಳುತ್ತವೆ, ಮುಂದ ಹೋಗ್ರಿ ಅನ್ನುತ್ತಾರೆ, ಹೋಗುತ್ತೇನೆ.

ಪುಸ್ತಕ ನನ್ನ ಬಳಿಯೇ ಇದೆ. ಅದರಲ್ಲಿ ನಲವತ್ತೆರಡನೆಯ ಮನೆಯ ಎದುರು ಅಂಕಿ ಇಲ್ಲ. ಮನೆಯವರು ಇಲ್ಲದಾಗ ಮೀಟರ್ ಓದುವವರು ಬರೆಯುವ ಎರಡು ಮಾತನ್ನು ಅಣ್ಣ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಾನೆ: ‘ಬೀಗ ಹಾಕಿದೆ. ಮತ್ತೊಮ್ಮೆ ಬರುವುದು.’ ನಾನು ಅದನ್ನು ಎಷ್ಟೋ ಸಲ ಹತ್ತಿರ ಹಿಡಿದು ನೋಡಿದ್ದೇನೆ. ಈ ಊರಲ್ಲಿ ನನ್ನ ಕೈಯಲ್ಲಿ ತೆರೆಯದ ಬೀಗ ಅದೊಂದೇ.